ಬ್ಯಾಟರಿ ಕ್ಲ್ಯಾಂಪಿಗೆ ಕಲಾಯಿ ಹಾಕಿಸಿದೆ, ಎರಡು ಮಳೆಗಾಲ ಕಿಲುಬು ಬಂದಿಲ್ಲ

ಹೋದ ವಾರ ನಾಲ್ಕೂ ಗಾಡಿಗಳ ಬಾನೆಟ್ ಎತ್ತಿ ನೋಡಿದೆ. ಟರ್ಮಿನಲ್ ಮೇಲೆ, ಅಂದರೆ ಕೇಬಲ್ಲಿನ ಕ್ಲ್ಯಾಂಪ್ ಬ್ಯಾಟರಿಯ ಪೋಸ್ಟನ್ನು (ತಲೆಯ ಮೇಲೆ ನಿಂತ ಸೀಸದ ಗೂಟ) ಕಚ್ಚಿ ಹಿಡಿಯುವ ಜಾಗದಲ್ಲಿ, ಒಂದು ಚೂರೂ ಹಸಿರಿಲ್ಲ, ಬಿಳಿ ಪುಡಿಯೂ ಇಲ್ಲ. ಇವು ಗೋವಾದ ವಾಸ್ಕೋದಲ್ಲಿ ಹಗಲು ರಾತ್ರಿ ಬಯಲಲ್ಲೇ ನಿಲ್ಲುವ ಟ್ಯಾಕ್ಸಿಗಳು. ಸಮುದ್ರದ ಉಪ್ಪುಗಾಳಿ ತಪ್ಪಿದ್ದಲ್ಲ. ಅಂಥದ್ದರಲ್ಲಿ ಎರಡು ಮಳೆಗಾಲ ಕಳೆದಿವೆ. "ಬ್ಯಾಟ್ರಿ ಏನ್ ಹಂಡೇನಣ್ಣಾ, ಕಲಾಯಿ ಹಾಕ್ಸಾಕ?" ಎಂದು ಸ್ಟ್ಯಾಂಡಿನಲ್ಲಿ ನಕ್ಕವರು ಈಗ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದುಬಿಡೋಣ ಅನ್ನಿಸಿತು.

2023ರ ಜುಲೈ. ಬೆಳಗಿನ ಜಾವ 3 ಗಂಟೆಗೆ ಬೋಗ್ಮಾಳೊದ ಒಂದು ಹೋಟೆಲಿನಿಂದ ಮೋಪಾ ವಿಮಾನ ನಿಲ್ದಾಣಕ್ಕೆ ಒಂದು ಕುಟುಂಬವನ್ನು ಬಿಡಬೇಕಿತ್ತು. ಹೋಟೆಲಿನ ಮುಂದೆ ಸೆಲ್ಫ್ ಹೊಡೆದರೆ ಟಕ್ ಟಕ್ ಅಷ್ಟೇ. ಮಳೆಯಲ್ಲಿ ನಿಂತು ಕ್ಲ್ಯಾಂಪ್ ಅಲುಗಾಡಿಸಿದೆ, ಕಲ್ಲಿನಿಂದ ತಟ್ಟಿದೆ. ಆಗಲಿಲ್ಲ. ₹2,500 ಬಾಡಿಗೆ ಹೋಯಿತು. ಆ ಹೋಟೆಲಿನವರು ಮತ್ತೆ ಎರಡು ತಿಂಗಳು ನನ್ನನ್ನು ಕರೆಯಲಿಲ್ಲ. ಬೆಳಿಗ್ಗೆ ಬ್ಯಾಟರಿ ಅಂಗಡಿಗೆ ಹೋದರೆ "ಬ್ಯಾಟರಿ ಸತ್ತಿದೆ" ಎಂದು ಹೊಸದು ಕೊಟ್ಟರು, ಸುಮಾರು ₹5,000. ಹೆಚ್ಚು ದಿನ ಆಗಿರಲಿಲ್ಲ, ಪ್ಲಸ್ ಕಡೆ ಮತ್ತೆ ಹೂಕೋಸಿನ ಹಾಗೆ ಹಸಿರು ಬೆಳೆದು ನಿಂತಿತ್ತು. ಹಳೆಯದನ್ನು ಅಂದು ಮೀಟರಿನಲ್ಲಿ ನೋಡಿದ್ದರೆ 12.5 ವೋಲ್ಟ್ ಆದರೂ ತೋರಿಸುತ್ತಿತ್ತು ಅಂತ ನನಗೆ ಈಗ ಖಾತ್ರಿ ಇದೆ. ಅದು ಸತ್ತಿರಲಿಲ್ಲ. ದಾರಿ ಕಟ್ಟಿತ್ತು.

ಎಲ್ಲರೂ ಮಾಡುವುದನ್ನು ನಾನೂ ಮಾಡಿ ನೋಡಿದೆ. ಚಾಸಿ ಗ್ರೀಸ್ ಬಳಿದೆ. ಎಂಜಿನ್ ಕಾವಿಗೆ ಕರಗಿ ಕೆಳಗಿಳಿಯಿತು, ಧೂಳು ಹಿಡಿದು ಕೆಸರಾಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ ಪೋಸ್ಟಿಗೂ ಕ್ಲ್ಯಾಂಪಿಗೂ ನಡುವೆ ದಪ್ಪಗೆ ಮೆತ್ತಿದ್ದು. ಲೋಹಕ್ಕೆ ಲೋಹ ಗಟ್ಟಿಯಾಗಿ ಕೂರಬೇಕಾದ ಜಾಗ ಅದು. ತಂಪು ಪಾನೀಯ ಸುರಿದರೆ ಹಸಿರು ಹೋಗುತ್ತದೆ ನಿಜ, ಆದರೆ ಅದೂ ಹುಳಿಯೇ. ಜೊತೆಗೆ ಸಕ್ಕರೆ ಅಂಟು, ಇರುವೆ. ಹುಣಸೆಹಣ್ಣಿನಿಂದ ತಿಕ್ಕಿದೆ. ಹಿತ್ತಾಳೆ ಕ್ಲ್ಯಾಂಪ್ ದೀಪದ ಕಂಬದ ಹಾಗೆ ಹೊಳೆಯಿತು, ಹತ್ತೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಬಂತು. ಅಂಗಡಿಯ ಬೆಳ್ಳಗೆ ಹೊಳೆಯುವ ಕ್ಲ್ಯಾಂಪ್ ಕೂಡ ಹಾಕಿದೆ. ಎರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಒಳಗಿನ ಪದರ ಎದ್ದು ಹೋಯಿತು.

ಆಮೇಲೆ ₹600 ಕೊಟ್ಟು ಮಲ್ಟಿಮೀಟರ್ ತಂದೆ. ಒಂದು ಕಡ್ಡಿ ಪೋಸ್ಟಿನ ತಲೆಗೆ, ಇನ್ನೊಂದು ಕ್ಲ್ಯಾಂಪಿಗೆ ಇಟ್ಟು ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿದೆ. 0.7 ವೋಲ್ಟ್ ಅಲ್ಲೇ ಹೋಗುತ್ತಿತ್ತು. 0.1ರ ಒಳಗಿರಬೇಕು, 0.2 ದಾಟಿದರೆ ಬಿಚ್ಚಲೇಬೇಕು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 15.1 ಬಂತು. 14.4ರ ಆಸುಪಾಸು ಇರಬೇಕಾದ್ದು. ಅಂದರೆ ಚಾರ್ಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ, ಆಸಿಡ್ ಆವಿ ಮೇಲೆ ಬರುತ್ತಿದೆ. ಇದನ್ನು ಸರಿ ಮಾಡದೆ ಮೇಲೆ ಏನು ಬಳಿದರೂ ದಂಡ. ರೆಗ್ಯುಲೇಟರಿಗೆ ₹1,400 ಅಂತ ನೆನಪು.

ಇನ್ನೊಂದು ಪರೀಕ್ಷೆ ನನ್ನನ್ನೇ ಬೆಚ್ಚಿ ಬೀಳಿಸಿತು. ಮೀಟರಿನ ಕಪ್ಪು ಕಡ್ಡಿ ಮೈನಸ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ತಲೆಯ ಮೇಲೆ ಸುಮ್ನೆ ಆಡಿಸಿ ನೋಡಿ. ನನಗೆ ಸುಮಾರು 2 ವೋಲ್ಟ್ ತೋರಿಸಿತು. ಉಪ್ಪು, ಧೂಳು, ಆಸಿಡ್ ತೇವ ಸೇರಿ ಪ್ಲಾಸ್ಟಿಕ್ ಮೇಲೇ ಕರೆಂಟ್ ಹರಿಯುತ್ತಿತ್ತು! ನಿಂತ ಗಾಡಿಯ ಬ್ಯಾಟರಿ ಸುಮ್ನೆ ಇಳಿಯಲು ಇದೂ ಒಂದು ಕಾರಣ. ಟರ್ಮಿನಲ್ ಮಾತ್ರ ತೊಳೆದು ತಲೆ ಒರೆಸದೆ ಬಿಡುವವರು ಇದನ್ನು ಒಮ್ಮೆ ಮಾಡಲೇಬೇಕು.

ಇಷ್ಟಾದರೂ ಕಿಲುಬು ಅರ್ಧ ಕಡಿಮೆಯಾಯಿತು ಅಷ್ಟೇ, ನಿಲ್ಲಲಿಲ್ಲ. ಕೇಬಲ್ ಸೀಳಿ ನೋಡಿದರೆ ರಬ್ಬರಿನ ಒಳಗೆ ನಾಲ್ಕು ಬೆರಳಿನಷ್ಟು ದೂರ ತಾಮ್ರದ ಎಳೆಗಳು ಹಸಿರಾಗಿ ಪುಡಿಯಾಗಿದ್ದವು. ಅದನ್ನು ತೊಳೆದು ಉಪಯೋಗವಿಲ್ಲ, ಕತ್ತರಿಸಿ ಎಸೆಯಬೇಕು. ಖಾರಿವಾಡೆಯ ಮೀನು ಜೆಟ್ಟಿ ಹತ್ತಿರ ಟ್ರಾಲರ್ ಸಾಮಾನು ಮಾರುವವರ ಬಳಿ ತವರ ಲೇಪಿಸಿದ ತಂತಿ ಸಿಕ್ಕಿತು. ಒಂದು ಮೀಟರ್ ಉದ್ದಕ್ಕೆ ಮಾಮೂಲಿ ತಂತಿಗಿಂತ ಒಂದೂವರೆ ಪಟ್ಟು ದುಡ್ಡು. ದೋಣಿಯವರು ಬರೀ ತಾಮ್ರ ಹಾಕುವುದೇ ಇಲ್ಲವಂತೆ.

ಆ ಮಾತು ತಲೆಯಲ್ಲಿತ್ತು. ಅದೇ ವಾರ ಮನೆಯಲ್ಲಿ ಅವ್ವ ನನ್ನ ಹೆಂಡತಿಗೆ ಹೇಳುತ್ತಿದ್ದಳು: "ಕಲಾಯಿ ಹೋಗೇತಿ, ಅದರಾಗ ಹುಳಿ ಇಡಬ್ಯಾಡವ್ವಾ, ಕಿಲುಬು ಬರ್ತೈತಿ." ನಾನು ಊಟ ಬಿಟ್ಟು ಎದ್ದೆ. ಹಿತ್ತಾಳೆ ಪಾತ್ರೆಗೆ ಹುಣಸೆ ಹುಳಿ, ನನ್ನ ಕ್ಲ್ಯಾಂಪಿಗೆ ಗಂಧಕದ ಆಸಿಡ್. ರೋಗ ಒಂದೇ ಅಲ್ವಾ? ಕಲಾಯಿ ಅಂದರೂ ತವರದ ಲೇಪವೇ. ಔಷಧಿ ನಮ್ಮ ಅಡುಗೆಮನೆಯಲ್ಲೇ ಇತ್ತು.

2023ರ ದೀಪಾವಳಿಗೆ ಹಾನಗಲ್ ಕಡೆ ನಮ್ಮೂರಿಗೆ ಹೋದಾಗ ಎಂಟು ಕ್ಲ್ಯಾಂಪ್ ಚೀಲದಲ್ಲಿ ಒಯ್ದೆ. ಕಲಾಯಿ ಮಾಡುವ ಕಾಕಾ ಮೊದಲು ಒಪ್ಪಲಿಲ್ಲ, "ಇಷ್ಟು ಸಣ್ಣದಕ್ಕ ತವರ ಹೆಂಗ ಹಿಡಸ್ಲಿ" ಎಂದರು. ಆಮೇಲೆ ಕೆಂಡದ ಮೇಲೆ ಇಟ್ಟರು. ಎರಡು ಕ್ಲ್ಯಾಂಪ್ ಅಲ್ಲೇ ಕರಗಿ ತೊಟ್ಟಿಕ್ಕಿದವು. ಅವು ಹಿತ್ತಾಳೆಯವಲ್ಲ, ಸೀಸದವು. ನಾನೇ ವಿಂಗಡಿಸಬೇಕಿತ್ತು. ಉಳಿದ ಆರಕ್ಕೆ ನವಸಾಗರ (ತವರ ಹಿಡಿಯಲು ಹಾಕುವ ಒಂದು ಉಪ್ಪು) ಹಾಕಿ, ಹತ್ತಿಯಿಂದ ತಿಕ್ಕಿ ಕಲಾಯಿ ಮಾಡಿದರು. ತಲಾ ₹40.

ವಾಸ್ಕೋಗೆ ತಂದು ಹಾಕಿದೆ. ಎರಡೇ ವಾರಕ್ಕೆ ಬಿಳಿ ಪುಡಿ. ನಮ್ಮ ಗಾಡಿ ರಿಪೇರಿಯ ಮಿಸ್ತ್ರಿ ನಗುತ್ತ ಬಾನೆಟ್ ಎತ್ತಿ ತೋರಿಸಲು ಗ್ಯಾರೇಜಿನವರನ್ನೆಲ್ಲ ಕರೆದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಕಲಾಯಿಯದಲ್ಲ, ನವಸಾಗರದ್ದು. ಮೂಲೆಯಲ್ಲಿ ಉಳಿದ ನವಸಾಗರವೇ ತೇವ ಎಳೆದು ಲೋಹ ತಿನ್ನುತ್ತದೆ. ಜೊತೆಗೆ ಎರಡರಲ್ಲಿ ತವರ ದಪ್ಪವಾಗಿ ಪೋಸ್ಟಿನ ಮೇಲೆ ಪೂರ್ತಿ ಇಳಿದಿರಲಿಲ್ಲ. ಶಿವರಾತ್ರಿಗೆ ಮತ್ತೆ ಊರಿಗೆ ಹೋಗಿ ಎರಡನೇ ಸಲ ಮಾಡಿಸಿದೆ. ಈ ಬಾರಿ ಬಿಸಿ ಸೋಡಾ ನೀರಿನಲ್ಲಿ ಒಂದು ತಾಸು ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಂದು ಇಡೀ ದಿನ ಬಿಸಿಲಿಗೆ ಇಟ್ಟೆ.

ಕೂರಿಸುವುದು ನಿಮಗೆ ಗೊತ್ತೇ ಇದೆ. ಮೈನಸ್ ಮೊದಲು ಬಿಚ್ಚುವುದು, ಕೊನೆಗೆ ಹಾಕುವುದು. ಬಿಸಿ ನೀರಿಗೆ ಎರಡು ಚಮಚ ಅಡುಗೆ ಸೋಡಾ, ನೊರೆ ನಿಲ್ಲುವವರೆಗೆ ತೊಳೆಯುವುದು. ಮುಚ್ಚಳದ ರಂಧ್ರಗಳಿಗೆ ಟೇಪ್ ಹಚ್ಚಿರಬೇಕು. ಸೋಡಾ ಒಳಗಿಳಿದರೆ ಆಸಿಡ್ಡೇ ಕೆಡುತ್ತದೆ. ಆ ಟೇಪ್ ತೆಗೆಯುವುದನ್ನು ಮಾತ್ರ ಮರೆಯಬೇಡಿ, ಗ್ಯಾಸ್ ಹೊರಗೆ ಹೋಗಬೇಕು.

ಪೋಸ್ಟಿನ ಬುಡಕ್ಕೆ ಹಾಕುವ ಬಟ್ಟೆಯ ಬಳೆಯ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಮೊದಲು ಹಳೆಯ ಲುಂಗಿ ಕತ್ತರಿಸಿ ಎಣ್ಣೆಯಲ್ಲಿ ಅದ್ದಿ ಹಾಕಿದ್ದೆ. ಒಂದು ತಿಂಗಳಿಗೆ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿ. ಹತ್ತಿಯನ್ನು ಆಸಿಡ್ ಸುಟ್ಟುಬಿಡುತ್ತದೆ. ಉಣ್ಣೆ ತಡೆಯುತ್ತದೆ. ನಮ್ಮ ಕುರುಬರ ಕಂಬಳಿಯ ತುಂಡು ಕತ್ತರಿಸಿ ಹಾಕಿದ್ದು ಇವತ್ತಿಗೂ ಹಾಗೇ ಇದೆ. ಅದನ್ನು ಯಾವುದರಲ್ಲಿ ನೆನೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಎಲ್ಲ ಬಿಗಿ ಮಾಡಿದ ಮೇಲೆ, ಹೊರಗಡೆ ಮಾತ್ರ, ಲೇಪ. ಬರೀ ವ್ಯಾಸಲಿನ್ ಮೇ ತಿಂಗಳ ಕಾವಿಗೆ ಇಳಿದು ಹೋಗುತ್ತದೆ. ನಾನು ಶಿರಸಿಯಿಂದ ತಂದ ಜೇನುಮೇಣ ಸೇರಿಸುತ್ತೇನೆ. ಮೇಣ ಕರಗಲು 60 ಡಿಗ್ರಿ ದಾಟಬೇಕು, ಅದಕ್ಕೇ ನಿಲ್ಲುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ಅದೂ ಗಾಡಿಯಿಂದ ದೂರ. ಪ್ರಮಾಣ ಹೇಳುವುದಿಲ್ಲ, ಅದಕ್ಕಾಗಿ ಮೂರು ಡಬ್ಬಿ ಕೆಡಿಸಿದ್ದೇನೆ.

ನಡುವೆ ಒಂದು ಗಾಡಿಯಲ್ಲಿ ಹಳೆಯ ಟಾರ್ಚ್ ಸೆಲ್ಲಿನ ಸತುವಿನ ತಗಡು ಬಿಚ್ಚಿ ಕ್ಲ್ಯಾಂಪಿಗೆ ಕಟ್ಟಿ ನೋಡಿದೆ. ದೋಣಿಯ ತಳಕ್ಕೆ ಸತು ಕಟ್ಟುತ್ತಾರಲ್ಲ, ಅದೇ ಲೆಕ್ಕ. ಮೂರು ತಿಂಗಳಿಗೆ ಏನೂ ವ್ಯತ್ಯಾಸವಿಲ್ಲ. ದೋಣಿ ನೀರಲ್ಲಿ ಮುಳುಗಿರುತ್ತದೆ, ಕ್ಲ್ಯಾಂಪ್ ಮುಳುಗಿರುವುದಿಲ್ಲ.

ಆಗ ಖರ್ಚಾಗಿದ್ದು ಗಾಡಿಗೆ ₹400ರ ಆಸುಪಾಸು, ಕೇಬಲ್ ಬಿಟ್ಟು. ಪೋಸ್ಟಿಗೂ ಕ್ಲ್ಯಾಂಪಿಗೂ ನಡುವೆ ಈಗ ಹೋಗುವುದು 0.04 ವೋಲ್ಟ್, ಒಂದು ಗಾಡಿಯಲ್ಲಿ 0.06. 2023ರಲ್ಲಿ ಹಾಕಿದ ಅದೇ ಬ್ಯಾಟರಿ ಈಗಲೂ ಒಂದೇ ಹೊಡೆತಕ್ಕೆ ಎಂಜಿನ್ ಎತ್ತುತ್ತದೆ. ಈ ಸಲ ಊರಿಗೆ ಒಯ್ಯಲು ಚೀಲದಲ್ಲಿ ಹದಿನಾಲ್ಕು ಕ್ಲ್ಯಾಂಪ್ ಇವೆ. ಎಲ್ಲ ಹಿತ್ತಾಳೆಯವೇ, ನೋಡಿ ಆರಿಸಿದ್ದೇನೆ. ಅದರಲ್ಲಿ ಎರಡು ಮಿಸ್ತ್ರಿಯವು.