ಬೂಷ್ಟು ಹಿಡಿದ ಕಡ್ಡಿಗೆ ಎರಡು ಭಾಷೆಯ ದೂರು

ಬೆಂಗಳೂರಿನ ಅಗರಬತ್ತಿ ಕಾರ್ಖಾನೆಯೊಂದರಲ್ಲಿ ಖರೀದಿಯ ಪತ್ರವ್ಯವಹಾರ ನನ್ನ ಕೆಲಸ. ಬಿದಿರುಕಡ್ಡಿಯನ್ನು ವಿಯೆಟ್ನಾಮಿನಿಂದ ತರಿಸುತ್ತೇವೆ. ಹೈಫಾಂಗಿನಲ್ಲಿ ಹಡಗು ಹತ್ತಿ ಚೆನ್ನೈಯಲ್ಲಿ ಇಳಿಯುತ್ತದೆ. 2020ರಲ್ಲಿ ಆಮದು ಸುಂಕ ಶೇಕಡಾ 10ರಿಂದ 25ಕ್ಕೆ ಏರಿದ ಮೇಲೆ ಒಂದು ಕಂಟೇನರ್ ಕೆಟ್ಟರೂ ನಮಗೆ ಪೆಟ್ಟು. ಕೆಟ್ಟದ್ದೂ ಆಯಿತು. ಬಾಗಿಲು ತೆಗೆದರೆ ಕಟ್ಟುಕಟ್ಟಿಗೂ ಹಸಿರು ಬೂಷ್ಟು.

ಸಿಟ್ಟಿನಲ್ಲೇ ಇಂಗ್ಲಿಷ್ ಪತ್ರ ಬರೆದೆ. ನೀವು ಕಳಪೆ ಸರಕು ಕಳುಹಿಸಿದ್ದೀರಿ, ಏಳು ದಿನಗಳಲ್ಲಿ ಪರಿಹಾರ ಕೊಡದಿದ್ದರೆ ಮುಂದಿನ ಕ್ರಮ, ಇತ್ಯಾದಿ. ಎರಡು ವಾರವಾದರೂ ಉತ್ತರವಿಲ್ಲ.

ನಮ್ಮ ದಾಖಲೆಗಳನ್ನು ಅನುವಾದಿಸುವ ಹನೋಯ್‌ನ ಮಹಿಳೆಯೊಬ್ಬರನ್ನು ಕೇಳಿ, ಅಲ್ಲಿಯ ಕಂಪನಿಗಳು ತಮ್ಮತಮ್ಮಲ್ಲಿ ಬರೆದುಕೊಳ್ಳುವ ದೂರುಪತ್ರಗಳ ಮಾದರಿ ತರಿಸಿಕೊಂಡೆ. ನನ್ನ ಹಳೆಯ ಪತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ವಾಕ್ಯ ವಾಕ್ಯ ಗುರುತು ಹಾಕಿದೆ. ಮೊದಲ ಸಾಲು ‘ಕಿಂಗ್ ಗೂಯಿ’, ಅಂದರೆ ಗೌರವಪೂರ್ವಕವಾಗಿ ಕಳುಹಿಸುತ್ತಿದ್ದೇವೆ. ಎದುರಿನವರು ಎಷ್ಟೇ ಮೋಸ ಮಾಡಿರಲಿ, ಕೊನೆಯವರೆಗೂ ಅವರು ‘ಕ್ವೀ ಕೋಂಗ್ ತಿ’, ಮಾನ್ಯ ಕಂಪನಿ. ಆಮೇಲೆ ‘ಕಾನ್ ಕೂ’, ಅಂದರೆ ‘ಇದರ ಆಧಾರದ ಮೇಲೆ’ ಎಂದು ಆರಂಭವಾಗುವ ಸಾಲುಗಳಲ್ಲಿ ಒಪ್ಪಂದದ ಸಂಖ್ಯೆ, ದಿನಾಂಕ. ಇದು ನಮ್ಮ ಸರ್ಕಾರಿ ಪತ್ರದ ‘ಉಲ್ಲೇಖ’ವೇ! ಗುಮಾಸ್ತಿಕೆಯಲ್ಲಿ ಬೆಳೆದ ನನಗೆ ನೆಂಟರ ಮನೆ ಹೊಕ್ಕಂತಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬಿ’ ಎಂಬ ಒಂದಕ್ಷರದ ಪದ. ಕೆಟ್ಟದ್ದು ಸಂಭವಿಸಿದಾಗ ಕ್ರಿಯಾಪದಕ್ಕಿಂತ ಮೊದಲು ಅದು ಬರುತ್ತದೆ. ಒಳ್ಳೆಯದಾದರೆ ಆ ಜಾಗಕ್ಕೆ ‘ದುವೊಕ್’. ‘ಸರಕು ಬಿ ಮೋಕ್’ ಎಂದರೆ ಸರಕಿಗೆ ಬೂಷ್ಟು ಹಿಡಿದಿದೆ. ಯಾರು ಹಿಡಿಸಿದರು ಎಂಬ ಮಾತೇ ಇಲ್ಲ, ಆದರೆ ಹಾನಿಯಾಯಿತು ಎಂಬುದು ವ್ಯಾಕರಣದಲ್ಲೇ ಕುಳಿತಿದೆ. ಕನ್ನಡದಲ್ಲಿ ಯೋಚಿಸಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ‘ನೀವು’ ಎಂದು ಬೆರಳು ತೋರಿಸುವ ಚಟ ಎಲ್ಲಿಂದ ಅಂಟಿತೋ. ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಡಲು ಬರುವುದಿಲ್ಲವೆಂದಲ್ಲ. ಹಾಗೆ ಬಿಟ್ಟರೆ ದೂರು ಸಪ್ಪೆಯಾಯಿತೆಂದು ನಮ್ಮ ಮಾಲೀಕರಿಗೆ ಅನ್ನಿಸುತ್ತದೆ.

ವಿಯೆಟ್ನಾಮೀ ಪತ್ರ ಮೆತ್ತಗೆ ಎಂದುಕೊಂಡರೆ ಕೆಟ್ಟಿರಿ. ಅಲ್ಲಿ ಖಾರವಿರುವುದು ಕೇಳುವ ಕ್ರಿಯಾಪದದಲ್ಲಿ. ‘ಮೋಂಗ್’ ಎಂದರೆ ಆಶಿಸುತ್ತೇವೆ. ‘ದೇ ಙೀ’ ಎಂದರೆ ಕೇಳಿಕೊಳ್ಳುತ್ತೇವೆ, ಆದರೆ ತಳ್ಳಿಹಾಕಲಾಗದಂತೆ. ‘ಯೆವು ಕಾವು’ ಬಂದರೆ ಒತ್ತಾಯ. ಗಡುವೂ ದಿನದ ಲೆಕ್ಕದಲ್ಲಿ ಸ್ಪಷ್ಟ.

ಎರಡನೆಯ ಪತ್ರವನ್ನು ಈ ಅಚ್ಚಿನಲ್ಲಿ ಕನ್ನಡದಲ್ಲೇ ಬರೆದು, ಇಂಗ್ಲಿಷಿಗೆ ತಂದು, ಅನುವಾದಕಿಗೆ ಕೊಟ್ಟೆ. ನಮ್ಮ ಒಪ್ಪಂದಕ್ಕೆ ಅಲ್ಲಿಯ ಕಾನೂನೇ ಅನ್ವಯವಾದ್ದರಿಂದ ‘ಕಾನ್ ಕೂ’ ಸಾಲಿಗೆ 2005ರ ವಾಣಿಜ್ಯ ಕಾನೂನಿನ 318ನೇ ವಿಧಿಯನ್ನೂ ಸೇರಿಸಿದೆ: ತೂಕ, ಎಣಿಕೆಯ ದೂರಿಗೆ ಸರಕು ಕೊಟ್ಟ ದಿನದಿಂದ ಮೂರು ತಿಂಗಳು, ಗುಣಮಟ್ಟದ ದೂರಿಗೆ ಆರು ತಿಂಗಳು. ತೇವಾಂಶದ ಪರೀಕ್ಷಾ ವರದಿ, ಕಂಟೇನರಿನ ಚಿತ್ರ ಜೊತೆಗಿಟ್ಟೆ. ಕೇಳುವ ಜಾಗದಲ್ಲಿ ‘ಯೆವು ಕಾವು’ ಬೇಕೆಂದು ಮಾಲೀಕರ ಹಟ. ಅನುವಾದಕಿ ಒಪ್ಪಲಿಲ್ಲ: “ಅದನ್ನು ಈಗಲೇ ಖರ್ಚು ಮಾಡಿದರೆ ಮೂರನೆಯ ಪತ್ರಕ್ಕೆ ಏನು ಉಳಿಯುತ್ತದೆ ಸರ್?”

‘ದೇ ಙೀ’ ಎಂದೇ ಹೋಯಿತು. ನಾಲ್ಕನೆಯ ದಿನ ಉತ್ತರ ಬಂತು, ಅರ್ಧ ಕಂಟೇನರಿನ ಬೆಲೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದು. ಉಳಿದರ್ಧಕ್ಕೆ ಮೂರನೆಯ ಪತ್ರ ಬರೆಯುತ್ತಿದ್ದೇನೆ.