ಪಾತ್ರ ಹಿಡಿಯೋದು ಕಾಲಿನಿಂದ: ನನ್ನ ಅನುಭವ

ಸಿನಿಮಾ, ಸೀರಿಯಲ್‌ಗಳಲ್ಲಿ ಪೋಷಕ ಪಾತ್ರ ಮಾಡುವ ನಟ ನಾನು. "ಪೋಷಕ ಪಾತ್ರಕ್ಕೆ ಇಷ್ಟೆಲ್ಲ ಯಾಕೆ?" ಅಂತ ಕೇಳುತ್ತಿದ್ದವರೇ ಈಗ ಫೋನ್ ಮಾಡಿ "ಆ ಚಪ್ಪಲಿ ವಿಷಯ ಸ್ವಲ್ಪ ಹೇಳಿ ಸಾರ್" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಾತ್ರವನ್ನು ಕಾಲಿನಿಂದ ಹಿಡಿಯುತ್ತೇನೆ. ಕಾಸ್ಟ್ಯೂಮ್‌ನವರು ಕೊಡುವ ಹೊಸ ಚಪ್ಪಲಿ ಮುಟ್ಟಲ್ಲ. ಯಾರೋ ಮೆಟ್ಟಿ ಸವೆಸಿದ್ದೇ ಬೇಕು. ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ಸೊಂಟ ತಾನಾಗೇ ವಾಲುತ್ತೆ, ಭುಜ ಇಳಿಯುತ್ತೆ, ಮಾತೂ ಬೇರೆಯಾಗುತ್ತೆ.

ಶುರುವಿನಲ್ಲಿ ಜಾಸ್ತಿ ಸೋತಿದ್ದೇ. ಸೀರಿಯಲ್‌ನಲ್ಲಿ ಅರ್ಧ ದಿನ ಕ್ಲೋಸಪ್ಪೇ, ಕಾಲು ಯಾರು ನೋಡ್ತಾರೆ ಅಂದರು ಒಬ್ಬ ನಿರ್ದೇಶಕರು. ಒಂದು ಸಲ ಅರ್ಧಕ್ಕೆ ನಿಂತ ದೃಶ್ಯ ಎರಡು ದಿನ ಬಿಟ್ಟು ಮುಂದುವರಿಯಿತು, ನಾನು ಚಪ್ಪಲಿ ಮನೆಯಲ್ಲೇ ಬಿಟ್ಟು ಬಂದಿದ್ದೆ, ಬಾಗಿಲಾಚೆ ಒಂದು ನಡಿಗೆ, ಒಳಗೆ ಬಂದರೆ ಇನ್ನೊಂದು ನಡಿಗೆ. ಹತ್ತು ಹನ್ನೊಂದು ಎಪಿಸೋಡಿಗೇ ಆ ಪಾತ್ರ ಮುಗಿಸಿಬಿಟ್ಟರು. ಆಮೇಲೆ ಒಂದು ಸಿಂಕ್ ಸೌಂಡ್ (ಶೂಟಿಂಗ್ ಮಾಡುವಾಗಲೇ ಶಬ್ದವನ್ನೂ ರೆಕಾರ್ಡ್ ಮಾಡುವ) ಸಿನಿಮಾದಲ್ಲಿ ಹಳೇ ಚರ್ಮದ ಎಕ್ಕಡ ಕಿರ್ ಅಂತ ಒಂಬತ್ತು ಟೇಕ್ ಹಾಳಾದವು. ಈಗ ಹಿಂದಿನ ರಾತ್ರಿಯೇ ಹರಳೆಣ್ಣೆ ಹಚ್ಚಿಡುತ್ತೇನೆ.

ಮೊದಲು ಗೆದ್ದಿದ್ದು ಹಮಾಲನ ಪಾತ್ರದಲ್ಲಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮೂರು ದಿನ ಕೂತಿದ್ದೆ. ಚೀಲ ಹೊತ್ತವರು ಮೊಣಕಾಲು ಪೂರ್ತಿ ನೆಟ್ಟಗೆ ಮಾಡುವುದೇ ಇಲ್ಲ. ಒಬ್ಬರಿಗೆ ಸುಮಾರು 350 ರೂಪಾಯಿಯ ಹೊಸ ಜೋಡಿ ಕೊಡಿಸಿ ಹಳೆಯದು ಕೇಳಿದೆ. "ಹೊಸಾವ ಕೊಟ್ಟು ಹಳೇವ ಯಾಕ ಒಯ್ತೀರಿ ಸಾಹೇಬ್ರ?" ಅಂದರು. ಆ ಚಪ್ಪಲಿಯ ಸಂದಿಯಲ್ಲೆಲ್ಲ ಮೆಣಸಿನಪುಡಿ ಕೂತಿತ್ತು. ಬೆವರಿದರೆ ಬೆರಳ ಸಂದಿ ಉರಿ. ಆ ಉರಿಗೆ ಹೆಜ್ಜೆ ಬೇರೆ ಥರ ಬೀಳುತ್ತಿತ್ತು, ಅದನ್ನು ನಟಿಸೋಕೆ ನನ್ನಿಂದ ಆಗುತ್ತಿರಲಿಲ್ಲ. ಕ್ಯಾಮೆರಾಮನ್ ನೋಡಿ ಲೆನ್ಸ್ ಬದಲಾಯಿಸಿ, ಪಾದವೂ ಬರುವ ಹಾಗೆ ಫ್ರೇಮ್ ಇಟ್ಟರು. ಆ ವರ್ಷ ಹಮಾಲ, ಬ್ಯಾಂಕ್ ಮ್ಯಾನೇಜರ್, ಗುಡಿಯ ಅರ್ಚಕ ಮೂರೂ ಮಾಡಿದೆ. ಮೂವರೂ ಒಬ್ಬನೇ ಅಂತ ನಮ್ಮ ಯೂನಿಟ್‌ನವರಿಗೇ ಗೊತ್ತಾಗಲಿಲ್ಲ.

ನಿಜವಾದ ಹಳೇದು ಸಿಗದಿದ್ದರೆ ಹೊಸದನ್ನೇ ನಾಲ್ಕು ದಿನದಲ್ಲಿ ಸವೆಸುವ ವಿದ್ಯೆ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಹೇಳಲ್ಲ.

ದುಡ್ಡಿನ ಮಾತು. 2008ರ ಹೊತ್ತಿಗೆ ದಿನಕ್ಕೆ 800 ಸಿಗುತ್ತಿತ್ತು ಅಂತ ನೆನಪು. ಅದೂ ಮೂರು ತಿಂಗಳಾದ ಮೇಲೆ. ಒಂದು ಕಡೆ ಸುಮಾರು 40 ಸಾವಿರ ಬರಲೇ ಇಲ್ಲ. ಅಲ್ಲಿಂದ ಕಾಲ್‌ಶೀಟ್ (ಶೂಟಿಂಗ್‌ಗೆ ಕೊಟ್ಟ ದಿನಗಳು), ಬಾಕಿ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ನೀವೂ ಬರೆದಿಡಿ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ಕೈ ಪೂರ್ತಿ ಖಾಲಿ. ಅದೇ ವರ್ಷ ಡಬ್ಬಿಂಗ್ ಸೀರಿಯಲ್‌ಗಳು ಕನ್ನಡಕ್ಕೆ ಬಂದವು, ಮುದುಕರ ದನಿ ಕೊಟ್ಟು ಮನೆ ನಡೆಸಿದೆ. ಸ್ಟುಡಿಯೋದಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ನಾನು ಚೀಲದಲ್ಲಿ ಒಳಗೆ ಒಯ್ದು ಮೈಕ್ ಮುಂದೆ ಹಾಕಿಕೊಳ್ಳುತ್ತಿದ್ದೆ. ದನಿ ಕಾಲಿನಿಂದಲೂ ಬರುತ್ತೆ, ಮಾಡಿ ನೋಡಿ.

ಇನ್ನೊಂದು ಪ್ರಯೋಗ. ಹಳೇ ಕನ್ನಡ ಸಿನಿಮಾಗಳ ಹಾಸ್ಯನಟ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಯೇ ಅಂಥ ಟೈಮಿಂಗ್ ಸಾಧಿಸಿದರು ಅಲ್ವಾ? ಹಾಗಾಗಿ ಒಂದು ವಾರ ಕಿವಿಗೆ ಹತ್ತಿ ಇಟ್ಟು ರಿಹರ್ಸಲ್ ಮಾಡಿದೆ. ಪಕ್ಕದಿಂದ ಡೈಲಾಗ್ ಹೇಳಿಕೊಡುವ ಪ್ರಾಂಪ್ಟರ್ ಕಡೆ ಕಿವಿ ಕೊಡುವ ಚಾಳಿ ಬಿಟ್ಟುಹೋಯಿತು, ಎದುರಿನವರ ಮುಖ ಸರಿಯಾಗಿ ನೋಡೋಕೆ ಶುರು ಮಾಡಿದೆ. ಸೆಟ್ಟಿನಲ್ಲಿ ಮಾತ್ರ ಮಾಡಬೇಡಿ, 'ಕಟ್' ಅಂದದ್ದೂ ಕೇಳಲ್ಲ.

ಈಗ ಹನ್ನೆರಡೋ ಹದಿಮೂರೋ ಜೋಡಿ ಇವೆ. ಮುಂದಿನದು ಮಲ್ಪೆ ಕಡೆಯ ಮೀನುಗಾರನ ಪಾತ್ರ, ಬರಿಗಾಲು. ಹದಿನೈದು ದಿನದಿಂದ ಹೊರಗೂ ಬರಿಗಾಲಲ್ಲೇ ಓಡಾಡುತ್ತಿದ್ದೇನೆ. ಹಿಮ್ಮಡಿ ಇನ್ನೂ ಮೆತ್ತಗಿದೆ. ಶೂಟಿಂಗ್‌ಗೆ ಒಂದು ತಿಂಗಳಿದೆ.