ಮದ್ದು ಬಿಡುವ ದಿನ, ಕಟ್ಟ ಹಾಕುವ ದಿನ: ಮಳೆ ಮುನ್ಸೂಚನೆ ಓದುವುದು ಹೇಗೆ?

'ಈ ಸಲ ವಾಡಿಕೆ ಮಳೆ' ಎಂದು ಏಪ್ರಿಲ್‌ನಲ್ಲಿ ಟಿವಿ ಹೇಳುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಅಡಿಕೆ ಬೆಳೆಗಾರರು ಅದನ್ನು ಕೇಳಿ ಸುಮ್ನೆ ಕೂರುವ ಹಾಗಿಲ್ಲ. ಅದು ಇಡೀ ದೇಶದ ಲೆಕ್ಕ, ನಮ್ಮ ತೋಟದ್ದಲ್ಲ. 2023ನ್ನೇ ನೋಡಿ. ಹವಾಮಾನ ಇಲಾಖೆ ವಾಡಿಕೆಯ ಶೇ 96 ಮಳೆ ಎಂದಿತ್ತು, ದೇಶಕ್ಕೆ ಬಿದ್ದದ್ದು ಶೇ 94. ಹೆಚ್ಚು ಕಡಿಮೆ ಸರಿಯೇ. ಕೇರಳದಲ್ಲಿ ಮಾತ್ರ ಶೇ 34 ಕೊರತೆ! 2018ರಲ್ಲಿ ಉಲ್ಟಾ: ದೇಶಕ್ಕೆ ಶೇ 9 ಕಡಿಮೆ, ಕೇರಳಕ್ಕೆ ನೆರೆ.

ಹಾಗಾಗಿ ಮೊದಲು ಇಲಾಖೆಯ ವೆಬ್‌ಸೈಟಿನಲ್ಲಿರುವ ಬಣ್ಣದ ನಕ್ಷೆ ತೆರೆಯಿರಿ. ಜಾಸ್ತಿ, ವಾಡಿಕೆ, ಕಡಿಮೆ ಎಂದು ಅಲ್ಲಿ ಮೂರು ಸಾಧ್ಯತೆ. ಏನೂ ಸುಳಿವಿಲ್ಲದಿದ್ದರೆ ಮೂರಕ್ಕೂ ತಲಾ ಶೇ 33. ನಮ್ಮ ಕಡೆ 'ಜಾಸ್ತಿ'ಗೆ ಶೇ 45 ಇದೆ ಅನ್ನಿ. ಜಾಸ್ತಿ ಆಗದಿರುವ ಸಾಧ್ಯತೆ ಇನ್ನೂ ಶೇ 55! ಇದನ್ನು ನಂಬಿ ಸಾಲ ಮಾಡಬೇಡಿ. ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ತಂದಿಡಲು ಇಷ್ಟು ಸಾಕು.

ಮೇ ತಿಂಗಳಲ್ಲಿ ಗುರುವಾರ ಮರೆಯಬೇಡಿ. ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಬರುವುದು ಅಂದು. ಮೊದಲ ಎರಡು ವಾರದ್ದನ್ನು ಗಮನವಿಟ್ಟು ಓದಿ, ಉಳಿದದ್ದರ ಮೇಲೆ ಕಣ್ಣು ಹಾಯಿಸಿ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಆಗಬೇಕಲ್ವಾ? 2025ರಲ್ಲಿ ಮುಂಗಾರು ಕೇರಳಕ್ಕೆ ಬರುವ ದಿನ ಎಂದು ಇಲಾಖೆ ಹೇಳಿದ್ದು ಮೇ 27, ನಾಲ್ಕು ದಿನ ಆಚೀಚೆ. ಅದು ಬಂದದ್ದು ಮೇ 24ಕ್ಕೆ, ಸರಿಯಾಗಿ ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೇ ದಿನ) ಹೊತ್ತಿಗೆ. ವಾಡಿಕೆಯಂತೆ ಜೂನ್ 1 ಎಂದು ಲೆಕ್ಕ ಹಾಕಿದವರ ಗತಿ? 'ಆಚೀಚೆ' ಎಂದರೆ ಮೊದಲು ಬರುವ ತುದಿಯನ್ನೇ ಹಿಡಿಯಿರಿ. ಮದ್ದು ಬಿಡುವವರಿಗೆ ಅದಕ್ಕೂ ಮೊದಲೇ ಹೇಳಿಡಿ. ಯಾವ ದಿನ ಬಿಡಬೇಕು ಅನ್ನುವುದಕ್ಕೆ ರೈತರಿಗೆ ಹವಾಮಾನ ತಿಳಿಸುವ ಮೇಘದೂತ್ ಆಪ್ ಇದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನಿಮ್ಮದೇ ಮಳೆ ಲೆಕ್ಕ. ಮರದ ಹನಿ, ಮಾಡಿನ ನೀರು ಬೀಳದ ಕಡೆ ಮಳೆಮಾಪಕ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಿರಿ. ಇಲಾಖೆಯವರು ಅಳೆಯುವುದೂ ಆಗಲೇ, ಹೋಲಿಸಲು ಸುಲಭ. ತೋಡಿನ ಹರಿವು ಯಾವಾಗ ಇಳಿಯಿತು, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಯಾವಾಗ ಸಣ್ಣದಾಯಿತು ಅಂತಲೂ ಒಂದು ಸಾಲು ಇರಲಿ. ಐದಾರು ವರ್ಷ ಬರೆದರೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಕೈಕೊಟ್ಟಾಗ ತೋಡಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಎಷ್ಟು ಬೇಗ ಹಾಕಬೇಕು ಎಂದು ಪುಸ್ತಕವೇ ಹೇಳುತ್ತದೆ. ಮುನ್ಸೂಚನೆ ನಿಮ್ಮಲ್ಲಿ ಎಷ್ಟು ಸಲ ತಪ್ಪಿತು ಅನ್ನುವುದೂ ಅದರಲ್ಲೇ ಸಿಗುತ್ತದೆ. ಮದುವೆಗೋ ಪೂಜೆಗೋ ಹೋಗಿ ಅಳೆಯಲು ಆಗದ ದಿನ 'ಅಳೆದಿಲ್ಲ' ಎಂದೇ ಬರೆಯಿರಿ, ಸೊನ್ನೆ ಹಾಕಬೇಡಿ.